ಶಾಂತಿನಿಕೇತನದ ಸರ್ವಧರ್ಮ ಸಂಪ್ರದಾಯ

ಶಾಂತಿನಿಕೇತನದ ಸರ್ವಧರ್ಮ ಸಂಪ್ರದಾಯವು ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯ ಬೋಲ್ಪುರದ ಸಮೀಪವಿರುವ ವಿಶ್ವಭಾರತಿ ವಿಶ್ವವಿದ್ಯಾಲಯದ ಆವರಣದಲ್ಲಿ ಬೇರೆ ಬೇರೆ ಮತಗಳವರು ಪರಸ್ಪರ ಗೌರವದಿಂದ ನಡೆದುಕೊಳ್ಳಲು ರೂಢಿಗೆ ಬಂದಿರುವ ಕ್ರಮವಾಗಿದೆ. ಇದು ವಿಶ್ವವಿದ್ಯಾಲಯಕ್ಕಿಂತಲೂ ಹಳೆಯದು. ರವೀಂದ್ರನಾಥ ಠಾಕೂರರ ತಂದೆಯವರೂ ಬ್ರಾಹ್ಮಸಮಾಜದ ಮುಖಂಡರೂ ಆಗಿದ್ದ ಮಹರ್ಷಿ ದೇವೇಂದ್ರನಾಥ ಠಾಕೂರರು 1888ರಲ್ಲಿ ಬರೆಸಿದ ಟ್ರಸ್ಟ್ ಪತ್ರವೇ ಇದಕ್ಕೆ ಆಧಾರ.

ಟ್ರಸ್ಟ್ ಪತ್ರದ ನಿಯಮಗಳು

ದೇವೇಂದ್ರನಾಥರು 1863ರಲ್ಲಿ ಪಡೆದ ಈ ಭೂಮಿಯನ್ನು ನಿರಾಕಾರನಾದ ಏಕದೇವನ ಉಪಾಸನೆಗೆ ಮೀಸಲಿಟ್ಟರು. ಇಲ್ಲಿ ವಿಗ್ರಹಪೂಜೆ, ಪ್ರಾಣಿವಧೆ, ಮಾಂಸಾಹಾರ ಹಾಗೂ ಮದ್ಯಪಾನಗಳು ನಿಷಿದ್ಧವೆಂದು ಪತ್ರವು ವಿಧಿಸಿತು. ಅದರೊಂದಿಗೆ ಯಾವ ಧರ್ಮವನ್ನಾಗಲಿ, ಜನರು ಆರಾಧಿಸುವ ಯಾವ ದೈವವನ್ನಾಗಲಿ ಇಲ್ಲಿ ನಿಂದಿಸಬಾರದು ಎಂಬ ನಿಯಮವನ್ನೂ ಸೇರಿಸಲಾಯಿತು. ಈ ಎರಡನ್ನೂ ಒಟ್ಟಿಗೆ ಓದಬೇಕು. ವಿಗ್ರಹಾರಾಧನೆಯನ್ನು ಒಪ್ಪದೆ ತಮ್ಮ ನೆಲದಿಂದ ಹೊರಗಿಟ್ಟವರೇ, ವಿಗ್ರಹಾರಾಧಕರನ್ನು ಹಳಿಯುವ ಮಾತನ್ನೂ ಅದೇ ನೆಲದಿಂದ ಹೊರಗಿಟ್ಟರು. ಭಿನ್ನಾಭಿಪ್ರಾಯಕ್ಕೆ ಇಲ್ಲಿ ಅಡ್ಡಿಯಿರಲಿಲ್ಲ, ಅವಹೇಳನಕ್ಕೆ ಇತ್ತು. ಎಲ್ಲ ಮತಗಳ ಸಾಧುಸಜ್ಜನರು ಬಂದು ಧರ್ಮವಿಚಾರ ನಡೆಸಲೆಂದು ವರ್ಷಕ್ಕೊಮ್ಮೆ ಮೇಳ ನಡೆಯಬೇಕೆಂಬ ಆಶಯವೂ ಪತ್ರದಲ್ಲಿತ್ತು. ಇಂದಿನ ಪೌಷ ಮೇಳದ ಮೂಲ ಇದೇ.

ಉಪಾಸನಾ ಗೃಹ

1891ರಲ್ಲಿ ಆರಂಭವಾದ ಉಪಾಸನಾ ಗೃಹವು ಬಣ್ಣದ ಗಾಜಿನ ಗೋಡೆಗಳುಳ್ಳ ಮಂದಿರ. ಒಳಗೆ ವಿಗ್ರಹವಾಗಲಿ ಗರ್ಭಗುಡಿಯಾಗಲಿ ಇಲ್ಲ. ಬುಧವಾರ ಬೆಳಿಗ್ಗೆ ನಡೆಯುವ ಉಪಾಸನೆಯಲ್ಲಿ ಹಾಡು, ಮಂತ್ರಪಠಣ ಮತ್ತು ಪ್ರವಚನಗಳಿರುತ್ತವೆ. ಬಿಳಿಯ ಉಡುಪು ಧರಿಸಿ ಬರುವುದು ವಾಡಿಕೆ. 1910ರ ಡಿಸೆಂಬರ್ 25ರಂದು ರವೀಂದ್ರನಾಥರು ಇಲ್ಲಿ ಯೇಸುಕ್ರಿಸ್ತನನ್ನು ಕುರಿತು ಮಾತನಾಡಿದರು. ಅಂದಿನಿಂದ ಆ ದಿನದ ಕ್ರಿಸ್ತೋತ್ಸವವು ಆಶ್ರಮದ ಆಚರಣೆಗಳಲ್ಲೊಂದಾಗಿದೆ.

ಆರಂಭದ ತೊಡಕುಗಳು

ನಿಯಮ ಬರೆದಷ್ಟು ಸುಲಭವಾಗಿ ಆಚರಣೆ ಬರಲಿಲ್ಲ. 1901ರಲ್ಲಿ ರವೀಂದ್ರನಾಥರು ಇಲ್ಲಿ ಶಾಲೆ ತೆರೆದಾಗ ಅವರಿಗೆ ನೆರವಾದ ಬ್ರಹ್ಮಬಾಂಧವ ಉಪಾಧ್ಯಾಯರು ರೋಮನ್ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದ್ದ ಬಂಗಾಳಿ ಬ್ರಾಹ್ಮಣರು. ಕ್ರೈಸ್ತ ಅಧ್ಯಾಪಕರನ್ನು ಬರಮಾಡಿಕೊಂಡ ಆ ಶಾಲೆಯಲ್ಲಿಯೇ ಬ್ರಾಹ್ಮಣ ಬಾಲಕರ ಊಟದ ಪಂಕ್ತಿ ಬೇರೆಯಾಗಿತ್ತು. ಬ್ರಾಹ್ಮಣೇತರ ಅಧ್ಯಾಪಕರೊಬ್ಬರ ಪಾದ ಮುಟ್ಟಿ ಬ್ರಾಹ್ಮಣ ವಿದ್ಯಾರ್ಥಿಗಳು ನಮಸ್ಕರಿಸಬೇಕೇ ಎಂಬ ಪ್ರಶ್ನೆ 1902ರಲ್ಲಿ ಎದ್ದಾಗ, ಕೈಮುಗಿದರೆ ಸಾಕೆಂಬ ನಿಲುವನ್ನು ರವೀಂದ್ರನಾಥರು ತಳೆದರು. ಪರಮತದವರನ್ನು ಗೌರವಿಸುವುದಕ್ಕಿಂತ ಸ್ವಂತ ಸಮಾಜದೊಳಗಿನ ಮೇಲುಕೀಳನ್ನು ಬಿಡುವುದೇ ಕಷ್ಟವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಮುಂದಿನ ವರ್ಷಗಳಲ್ಲಿ ಅವರು ಈ ನಿಲುವನ್ನು ದಾಟಿ ಬಂದರು. ಜಾತಿಭೇದದ ಕಟ್ಟುಗಳು ಸಡಿಲಗೊಂಡವು.

ಅಧ್ಯಯನ ಮತ್ತು ಮುಂದಿನ ಬೆಳವಣಿಗೆ

1921ರಲ್ಲಿ ವಿಶ್ವಭಾರತಿ ಸ್ಥಾಪನೆಯಾದ ಮೇಲೆ ಪರಮತದ ಗೌರವವು ಪಾಠಕ್ರಮಕ್ಕೂ ಬಂದಿತು. ಕ್ಷಿತಿಮೋಹನ ಸೇನರು ಕಬೀರ, ದಾದೂ ಮತ್ತು ಬಾವುಲರನ್ನು ಕುರಿತು ಸಂಶೋಧಿಸಿದರು. ಮುಂದೆ ಬಂಗಾಳಿಯ ಪ್ರಸಿದ್ಧ ಲೇಖಕರಾದ ಸೈಯದ್ ಮುಜ್ತಬಾ ಅಲಿ ಇಲ್ಲಿಯ ಮೊದಲ ತಂಡಗಳ ವಿದ್ಯಾರ್ಥಿ. ಇಸ್ಲಾಂ ಧರ್ಮದ ಅಧ್ಯಯನಕ್ಕೆಂದು ಹೈದರಾಬಾದಿನ ನಿಜಾಮರು ಒಂದು ಲಕ್ಷ ರೂಪಾಯಿ ನೀಡಿದರು. ಆ ಪೀಠಕ್ಕೆ 1929ರಲ್ಲಿ ಹಂಗೆರಿಯ ವಿದ್ವಾಂಸ ಜೂಲಿಯಸ್ ಗೆರ್ಮಾನುಸ್ ಬಂದರು. 1937ರಲ್ಲಿ ತಾನ್ ಯುನ್ ಶಾನ್ ಅವರ ಶ್ರಮದಿಂದ ಚೀನಾ ಭವನ ತೆರೆಯಿತು. ಬೌದ್ಧ ಗ್ರಂಥಗಳ ಅಧ್ಯಯನಕ್ಕೆ ಅದು ನೆಲೆಯಾಯಿತು.

1951ರಲ್ಲಿ ವಿಶ್ವಭಾರತಿಯು ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಬುಧವಾರದ ಉಪಾಸನೆಯೂ, ಭಾನುವಾರದ ಬದಲು ಬುಧವಾರವೇ ವಾರದ ರಜೆಯಾಗಿರುವ ಪದ್ಧತಿಯೂ ಆ ಬಳಿಕವೂ ಮುಂದುವರಿದವು.