ಪೇಟೆಯ ಬೀದಿಗಳೂ ನಮ್ಮ ಮಕ್ಕಳೂ

ಬನವಾಸಿಯ ಕದಂಬರಾಜ್ಯವು ವಿದ್ಯಾರ್ಥಿಯೊಬ್ಬನಿಗೆ ಪರನಗರದಲ್ಲಾದ ಅವಮಾನದಿಂದ ಹುಟ್ಟಿತೆಂದರೆ ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಕ್ರಿ. ಶ. ಐದನೆಯ ಶತಮಾನದ ತಾಳಗುಂದದ ಸ್ತಂಭಶಾಸನವು ಹೇಳುವುದು ಅದನ್ನೇ. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಪಲ್ಲವರ ಕಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಸೇರಿದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಡನೆ ಉಂಟಾದ ಕಲಹದಿಂದ ಕುಪಿತನಾಗಿ, ದರ್ಭೆ ಸಮಿತ್ತುಗಳಲ್ಲಿ ಪಳಗಿದ ಕೈಯಿಂದಲೇ ಖಡ್ಗವನ್ನು ಹಿರಿದನು. ಕುದುರೆಯ ಮೇಲಿದ್ದವನಿಗೂ ಕಾಲ್ನಡೆಯ ವಟುವಿಗೂ ಆ ನಗರವು ಸಮನಾಗಿರಲಿಲ್ಲವೆಂದು ಊಹಿಸಿದರೆ ತಪ್ಪಾಗಲಾರದು.

ಆ ಬನವಾಸಿಯನ್ನೊಳಗೊಂಡ ಶಿರಸಿ ತಾಲೂಕಿನಲ್ಲಿಯೂ, ನೆರೆಯ ಸಿದ್ಧಾಪುರ ಯಲ್ಲಾಪುರಗಳಲ್ಲಿಯೂ ಹಳ್ಳಿಯ ಮಕ್ಕಳು ವಿದ್ಯೆಗಾಗಿ ಪೇಟೆಗೆ ಬರುವ ಪರಿಪಾಟಿಯು ಹಳೆಯದು. ಇಲ್ಲಿಯ ಮನೆಗಳು ತೋಟದ ಅಂಚಿನಲ್ಲಿ ದೂರದೂರ ಇರುವುದರಿಂದ ಅನೇಕ ಮಕ್ಕಳು ಮೊದಲು ದಾಟಬೇಕಾದುದು ಹಳ್ಳದ ಸಂಕವನ್ನು. ಅಡಿಕೆಯ ಮರದ ಕಾಂಡಗಳನ್ನು ಜೋಡಿಸಿ, ಕೈಯಾಸರೆಗೆ ಬಿದಿರನ್ನು ಕಟ್ಟಿ, ಮಳೆಗಾಲಕ್ಕೆ ಮುಂಚೆ ಊರವರೇ ಅದನ್ನು ಹೊಸದಾಗಿ ಹಾಕುವರು. ಆಷಾಢದ ಮಳೆಯಲ್ಲಿ ಮಗುವು ಸಂಕವನ್ನು ದಾಟುವವರೆಗೆ ತಾಯಿಯು ದಣಪೆಯ ಬಳಿಯೇ ನಿಂತಿರುವಳು. ಅಲ್ಲಿಂದ ಮುಂದೆ ಮಗುವಿನ ರಕ್ಷಣೆಯು ಪೇಟೆಯ ಹೊಣೆ.

ಪೇಟೆಯು ಆ ಹೊಣೆಯನ್ನು ಹೇಗೆ ನಿರ್ವಹಿಸಿತೆಂಬುದಕ್ಕೆ ಯಲ್ಲಾಪುರದ ಉದಾಹರಣೆಯು ಸಾಕು. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯು ಆ ಊರನ್ನು ಹಾದು ಅರಬೈಲು ಘಟ್ಟವನ್ನಿಳಿಯುವುದು. ಈ ಶತಮಾನದ ಮೊದಲನೆಯ ದಶಕದಲ್ಲಿ ಬಳ್ಳಾರಿಯ ಕಬ್ಬಿಣದ ಅದಿರನ್ನು ಬೇಲೆಕೇರಿ ಬಂದರಕ್ಕೆ ಹೊತ್ತ ಲಾರಿಗಳು ಈ ಮಾರ್ಗದಲ್ಲಿ ಸಾಲುಗಟ್ಟಿದುವು. ದೊಡ್ಡವರೇ ರಸ್ತೆ ದಾಟಲು ಅಂಜುತ್ತಿದ್ದಲ್ಲಿ ಪಾಟೀಚೀಲ ಹೊತ್ತ ಬಾಲಕರ ಪಾಡನ್ನು ಹೇಳಬೇಕಾದುದಿಲ್ಲ. 2010ರ ಜುಲೈಯಲ್ಲಿ ರಾಜ್ಯಸರ್ಕಾರವು ಅದಿರಿನ ರಫ್ತನ್ನು ನಿಷೇಧಿಸಿತು, ಸಾಲು ಕರಗಿತು. ನಿಷೇಧಕ್ಕೆ ಕಾರಣವಾದುದು ಅಕ್ರಮ ಗಣಿಗಾರಿಕೆಯೇ ಹೊರತು ರಸ್ತೆಯಂಚಿನಲ್ಲಿ ನಿಂತ ಮಕ್ಕಳ ಅಳಲಲ್ಲ. ಅವರಿಗಾದ ಉಪಕಾರವು ಕೇವಲ ಕಾಕತಾಳೀಯ.

ಶಿರಸಿಯಲ್ಲಿ ಮಾತ್ರ ಎರಡು ವರ್ಷಕ್ಕೊಮ್ಮೆ ಬೇರೊಂದು ದೃಶ್ಯವುಂಟು. ಶ್ರೀ ಮಾರಿಕಾಂಬೆಯು ಬಿಡಕಿಬೈಲಿನ ಗದ್ದುಗೆಯಲ್ಲಿ ಕುಳಿತಿರುವಷ್ಟು ದಿನ ವಾಹನಗಳು ಹಿಂಜರಿದು ಬೀದಿಯು ನಡೆಯುವವರದಾಗುವುದು. ತಿರುಗಣೆ ತೊಟ್ಟಿಲು, ಪೀಪಿ, ಬೆಂಡು ಬತ್ತಾಸು! ಕೈತಪ್ಪಿದ ಮಗುವಿನ ಹೆಸರನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳಿದರೆ ಜಾತ್ರೆಗೆ ಜಾತ್ರೆಯೇ ಅದರ ತಾಯಿಯನ್ನು ಹುಡುಕುವುದು. ದೇವಿಯು ಗುಡಿಗೆ ಮರಳುವ ಮೊದಲೇ ಬೀದಿಯು ಪುನಃ ವಾಹನಗಳ ಪಾಲು.

ನಗರದಲ್ಲಿ ಮಕ್ಕಳಿಗೂ ಒಂದು ಸ್ಥಾನವಿರಬೇಕೆಂಬ ವಿಚಾರವು ಕನ್ನಡನಾಡಿಗೆ ಹೊಸದಲ್ಲ. ‘ಸರಸ್ವತಿ’ ಪತ್ರಿಕೆಯ ಸಂಪಾದಕರಾಗಿದ್ದ ಆರ್. ಕಲ್ಯಾಣಮ್ಮನವರು 1938ರಲ್ಲಿಯೇ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು. ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯು ಸಿದ್ಧವಾದುದು 1989ರಲ್ಲಿ. ಭಾರತವು ಅದನ್ನು ಅಂಗೀಕರಿಸಿದುದು 1992ರಲ್ಲಿ. ಆಟವಾಡುವುದು ಮಗುವಿನ ಹಕ್ಕು, ತನಗೆ ಸಂಬಂಧಿಸಿದ ವಿಷಯದಲ್ಲಿ ತನ್ನ ಅಭಿಪ್ರಾಯವನ್ನು ಹೇಳುವುದೂ ಹಕ್ಕು ಎಂದು ಅದರಲ್ಲಿದೆ. ಮಕ್ಕಳನ್ನು ಕೇಳುವುದೇನೆಂದು ನಕ್ಕವರು ನಚಿಕೇತನ ಕಥೆಯನ್ನು ಮರೆತವರು.

ಕೇಳುವ ಕೆಲಸವು ಮೊದಲಾದುದು ಘಟ್ಟದ ಕೆಳಗೆ. 1990ರ ದಶಕದಲ್ಲಿ ಕುಂದಾಪುರ ಸೀಮೆಯ ಹಳ್ಳಿಗಳಲ್ಲಿ, ದುಡಿಯುವ ಮಕ್ಕಳ ಹಿತಕ್ಕಾಗಿ ಶ್ರಮಿಸುವ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ನೆರವಿನಿಂದ ಮಕ್ಕಳ ಪಂಚಾಯತಿಗಳು ಏರ್ಪಟ್ಟುವು. ಮಕ್ಕಳೇ ಆರಿಸಿದ ಪ್ರತಿನಿಧಿಗಳು ಹಿರಿಯರ ಮುಂದಿಟ್ಟ ಬೇಡಿಕೆಗಳಲ್ಲಿ ಕಾಲುಸಂಕವೂ ಒಂದು. 2006ರಲ್ಲಿ ರಾಜ್ಯಸರ್ಕಾರವು ಎಲ್ಲ ಗ್ರಾಮಪಂಚಾಯತಿಗಳಲ್ಲಿ ಮಕ್ಕಳ ಗ್ರಾಮಸಭೆಯನ್ನು ನಡೆಸತಕ್ಕುದೆಂದು ಸುತ್ತೋಲೆ ಹೊರಡಿಸಿತು. ಅದರ ಬಲದಿಂದ ಸಿದ್ಧಾಪುರದ ಹಳ್ಳಿಯ ಹುಡುಗಿಯು ಮುರಿದ ಸಂಕದ ಮಾತನ್ನು ತನ್ನೂರ ಸಭೆಯಲ್ಲಿ ಎತ್ತಬಹುದು. ಅವಳೇ ಸಂಕವನ್ನು ದಾಟಿ ಪೇಟೆಯ ಪೌರಸಂಸ್ಥೆಯ ಎಲ್ಲೆಯನ್ನು ಹೊಕ್ಕೊಡನೆ ಆ ಸುತ್ತೋಲೆಯ ಅಧಿಕಾರವು ಮುಗಿಯುವುದು.