ರೈಲು ಅಪಘಾತದ ತನಿಖೆ ವಿಮಾನಯಾನ ಸಚಿವಾಲಯಕ್ಕೇಕೆ?

ಬೆಂಗಳೂರಿನಲ್ಲಿ ನಮ್ಮ ಮೆಟ್ರೊದ ಹೊಸ ಮಾರ್ಗ ಸಿದ್ಧವಾದಾಗಲೆಲ್ಲ ಸುರಕ್ಷತಾ ಆಯುಕ್ತರ ಹೆಸರು ಸುದ್ದಿಗೆ ಬರುತ್ತದೆ. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಆರ್.ವಿ. ರಸ್ತೆ-ಬೊಮ್ಮಸಂದ್ರ ಹಳದಿ ಮಾರ್ಗವೂ ಇದಕ್ಕೆ ಹೊರತಾಗಿರಲಿಲ್ಲ. ಆಯುಕ್ತರು ಹಳಿ, ಸಿಗ್ನಲ್, ಬೋಗಿಗಳನ್ನು ಪರಿಶೀಲಿಸಿ ಒಪ್ಪಿಗೆ ನೀಡುವವರೆಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿಲ್ಲ. ಈ ಆಯುಕ್ತರು ಮೆಟ್ರೊ ನಿಗಮಕ್ಕಾಗಲಿ, ರೈಲ್ವೆ ಸಚಿವಾಲಯಕ್ಕಾಗಲಿ ಸೇರಿದವರಲ್ಲ. ಅವರು ಕೆಲಸ ಮಾಡುವುದು ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯದ ಆಡಳಿತಾತ್ಮಕ ನಿಯಂತ್ರಣದಲ್ಲಿ.

ಮೇಲ್ನೋಟಕ್ಕೆ ಇದು ವಿಚಿತ್ರವೆನಿಸಿದರೂ ಇದರ ಹಿಂದೆ ಸ್ಪಷ್ಟವಾದ ತತ್ವವೊಂದಿದೆ. ರೈಲು ಓಡಿಸುವವರೇ ರೈಲು ಅಪಘಾತದ ತೀರ್ಪುಗಾರರಾಗಬಾರದು ಎಂಬುದೇ ಆ ತತ್ವ.

ಹಿನ್ನೆಲೆ

1905ರಲ್ಲಿ ರೈಲ್ವೆ ಮಂಡಳಿ ರಚನೆಯಾದ ಬಳಿಕ ಸರ್ಕಾರದ ರೈಲ್ವೆ ತಪಾಸಣಾಧಿಕಾರಿಗಳು ಮಂಡಳಿಯ ಅಧೀನದಲ್ಲೇ ಇದ್ದರು. 1937ರಲ್ಲಿ ಬಿಹಾರದ ಬಿಹ್ಟಾ ಬಳಿ ಭೀಕರ ರೈಲು ದುರಂತ ಸಂಭವಿಸಿತು. ಅದರ ಬೆನ್ನಿಗೆ ಪೆಸಿಫಿಕ್ ಮಾದರಿಯ ಎಂಜಿನ್‌ಗಳ ಕುರಿತು ನೇಮಕವಾದ ಸಮಿತಿಯು ತಪಾಸಣಾ ವ್ಯವಸ್ಥೆಯನ್ನು ಮಂಡಳಿಯಿಂದ ಬೇರ್ಪಡಿಸುವುದು ಅಪೇಕ್ಷಣೀಯವೆಂದು ಅಭಿಪ್ರಾಯಪಟ್ಟಿತು. ಕೇಂದ್ರ ಶಾಸನಸಭೆಯೂ ಇದನ್ನು ಅನುಮೋದಿಸಿತು. ಅದರಂತೆ 1941ರ ಮೇ ತಿಂಗಳಲ್ಲಿ ತಪಾಸಣಾ ವಿಭಾಗವನ್ನು ಅಂದಿನ ಅಂಚೆ ಮತ್ತು ವಾಯು ಇಲಾಖೆಗೆ ಒಪ್ಪಿಸಲಾಯಿತು.

ಅಂದಿನಿಂದ ವಿಮಾನಯಾನದ ಹೊಣೆ ಯಾವ ಸಚಿವಾಲಯಕ್ಕೆ ಹೋದರೂ ರೈಲು ಸುರಕ್ಷತೆಯ ಹೊಣೆ ಅದರ ಜೊತೆಯಲ್ಲೇ ಸಾಗಿ ಬಂದಿದೆ. 1961ರಲ್ಲಿ ಈ ವಿಭಾಗಕ್ಕೆ ರೈಲ್ವೆ ಸುರಕ್ಷತಾ ಆಯೋಗ ಎಂಬ ಹೆಸರು ಬಂತು. ಲಖನೌದಲ್ಲಿ ಮುಖ್ಯ ಆಯುಕ್ತರ ಕಚೇರಿಯಿದ್ದು, ದಕ್ಷಿಣ ವೃತ್ತದ ಆಯುಕ್ತರ ಕಚೇರಿ ಬೆಂಗಳೂರಿನಲ್ಲಿದೆ.

ವಿಮಾನಯಾನದ ಹೊಣೆಯಾದರೋ ಹಲವು ಬಾರಿ ಕೈಬದಲಾಗಿದೆ. 1953ರಲ್ಲಿ ವಿಮಾನಯಾನ ಸಂಸ್ಥೆಗಳು ರಾಷ್ಟ್ರೀಕರಣಗೊಂಡಾಗ ಅದು ಸಂಪರ್ಕ ಸಚಿವಾಲಯದ ವ್ಯಾಪ್ತಿಯಲ್ಲಿತ್ತು. 1966ರಲ್ಲಿ ಸಾರಿಗೆ ಮತ್ತು ವಿಮಾನಯಾನ ಸಚಿವಾಲಯ ರೂಪುಗೊಂಡಿತು. ಮರುವರ್ಷವೇ ಅದು ಇಬ್ಭಾಗವಾಗಿ, ವಿಮಾನಯಾನವು ಪ್ರವಾಸೋದ್ಯಮದೊಂದಿಗೆ ಸೇರಿಕೊಂಡಿತು. 1985ರಲ್ಲಿ ರೈಲ್ವೆ, ಭೂಸಾರಿಗೆ, ವಿಮಾನಯಾನ ಮೂರನ್ನೂ ಒಂದೇ ಸಾರಿಗೆ ಸಚಿವಾಲಯದಡಿ ತರುವ ಪ್ರಯೋಗ ನಡೆಯಿತಾದರೂ, 1986ರಲ್ಲಿ ಅವು ಮತ್ತೆ ಬೇರೆಯಾದವು. ಕರ್ನಾಟಕದವರಾದ ಸಿ.ಎಂ. ಇಬ್ರಾಹಿಂ ಮತ್ತು ಅನಂತಕುಮಾರ್ 1990ರ ದಶಕದಲ್ಲಿ ಈ ಖಾತೆಯನ್ನು ನಿರ್ವಹಿಸಿದ್ದಾರೆ.

ಆಯೋಗದ ಅಧಿಕಾರ, ಮಿತಿ

1989ರ ರೈಲ್ವೆ ಕಾಯ್ದೆಯ ಪ್ರಕಾರ ಹೊಸ ಮಾರ್ಗವನ್ನು ಪ್ರಯಾಣಿಕರ ಸಂಚಾರಕ್ಕೆ ತೆರೆಯುವ ಮುನ್ನ ಆಯುಕ್ತರ ತಪಾಸಣೆ ಕಡ್ಡಾಯ. ಪ್ರಾಣಹಾನಿಯಾದ ಗಂಭೀರ ಅಪಘಾತಗಳ ವಿಚಾರಣೆಯನ್ನೂ ಅವರೇ ನಡೆಸುತ್ತಾರೆ. ಆಯೋಗದ ವಾರ್ಷಿಕ ವರದಿಯನ್ನು ಸಂಸತ್ತಿನ ಮುಂದಿಡಬೇಕು. ಮೆಟ್ರೊ ರೈಲುಗಳಿಗೆ 2002ರ ಪ್ರತ್ಯೇಕ ಕಾಯ್ದೆ ಅನ್ವಯಿಸುತ್ತದೆ.

2023ರ ಜೂನ್ 2ರಂದು ಒಡಿಶಾದ ಬಾಲೇಶ್ವರ ಜಿಲ್ಲೆಯಲ್ಲಿ ಮೂರು ರೈಲುಗಳು ಡಿಕ್ಕಿಯಾಗಿ 290ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಈ ದುರಂತಕ್ಕೆ ಸಿಗ್ನಲ್ ವಿಭಾಗದ ಕಾಮಗಾರಿಯಲ್ಲಾದ ಲೋಪಗಳೇ ಕಾರಣವೆಂದು ಗುರುತಿಸಿದ್ದು ಆಗ್ನೇಯ ವೃತ್ತದ ಆಯುಕ್ತರ ವರದಿ. ರೈಲ್ವೆಯ ತಪ್ಪನ್ನು ರೈಲ್ವೆಯ ಹೊರಗಿನ ಸಂಸ್ಥೆಯೊಂದು ಎತ್ತಿ ತೋರಿದ್ದಕ್ಕೆ ಇದು ಇತ್ತೀಚಿನ ಪ್ರಮುಖ ಉದಾಹರಣೆ.

ಆದರೆ ಈ ಸ್ವಾತಂತ್ರ್ಯಕ್ಕೆ ಮಿತಿಗಳಿವೆ. ಆಯುಕ್ತರನ್ನು ಆರಿಸಿಕೊಳ್ಳುವುದು ರೈಲ್ವೆಯ ಅಧಿಕಾರಿ ವರ್ಗದಿಂದಲೇ. ಅವರ ಶಿಫಾರಸುಗಳನ್ನು ಒಪ್ಪುವುದು, ಬಿಡುವುದು ರೈಲ್ವೆ ಮಂಡಳಿಗೆ ಬಿಟ್ಟದ್ದು. ಅನಿಲ್ ಕಾಕೋಡ್ಕರ್ ನೇತೃತ್ವದ ಉನ್ನತ ಮಟ್ಟದ ಸಮಿತಿಯು 2012ರಲ್ಲಿ ಶಾಸನಬದ್ಧ ರೈಲ್ವೆ ಸುರಕ್ಷತಾ ಪ್ರಾಧಿಕಾರವನ್ನು ರಚಿಸಬೇಕೆಂದು ಶಿಫಾರಸು ಮಾಡಿದ್ದು ಈ ಹಿನ್ನೆಲೆಯಲ್ಲಿಯೇ.

ಆಗಸದ ಅಪಘಾತಗಳು

ರೈಲಿಗೆ 1941ರಲ್ಲೇ ಅನ್ವಯಿಸಿದ ತತ್ವ ವಿಮಾನಕ್ಕೆ ಅನ್ವಯಿಸಿದೆಯೇ ಎಂಬುದು ಮುಂದಿನ ಪ್ರಶ್ನೆ. ಕರ್ನಾಟಕದ ನೆಲದಲ್ಲಿ ಸಂಭವಿಸಿದ ಎರಡು ಘೋರ ವಿಮಾನ ದುರಂತಗಳು ಈ ಪ್ರಶ್ನೆಯ ತೀವ್ರತೆಯನ್ನು ತೋರಿಸುತ್ತವೆ.

1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯಬೇಕಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ವಿಮಾನ ರನ್‌ವೇಗೆ ಮುನ್ನವೇ ನೆಲಕ್ಕಪ್ಪಳಿಸಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಅಸುನೀಗಿದರು. 2010ರ ಮೇ 22ರಂದು ದುಬೈನಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಬಲಿಯಾದರು. ಬದುಕುಳಿದವರು ಎಂಟೇ ಮಂದಿ.

ಆ ಕಾಲಕ್ಕೆ ಎರಡೂ ವಿಮಾನ ಸಂಸ್ಥೆಗಳು ಸರ್ಕಾರದ ಒಡೆತನದಲ್ಲಿದ್ದು, ವಿಮಾನಯಾನ ಸಚಿವಾಲಯದ ಅಧೀನಕ್ಕೊಳಪಟ್ಟಿದ್ದವು. ಸುರಕ್ಷತಾ ನಿಯಮಗಳನ್ನು ಜಾರಿಗೊಳಿಸುವ ನಾಗರಿಕ ವಿಮಾನಯಾನ ಮಹಾ ನಿರ್ದೇಶನಾಲಯವೂ (ಡಿಜಿಸಿಎ) ಇದೇ ಸಚಿವಾಲಯದ ಅಂಗ. ಹೀಗಾಗಿ ಒಡೆಯ, ನಿಯಂತ್ರಕ, ತನಿಖೆಗೆ ಆದೇಶಿಸುವವ ಎಲ್ಲವೂ ಒಂದೇ ಸೂರಿನಡಿ ಇದ್ದಂತಾಗಿತ್ತು. ಬೆಂಗಳೂರು ದುರಂತದ ವಿಚಾರಣೆಯನ್ನು ಹೈಕೋರ್ಟ್ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರಿಗೆ, ಮಂಗಳೂರು ದುರಂತದ ವಿಚಾರಣೆಯನ್ನು ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರಿಗೆ ಒಪ್ಪಿಸಲಾಯಿತು. ಹೊರಗಿನವರನ್ನು ಕರೆತಂದು ತನಿಖೆಗೆ ವಿಶ್ವಾಸಾರ್ಹತೆ ತುಂಬುವ ಮಾರ್ಗವಾಗಿತ್ತು ಇದು.

ಸುಧಾರಣೆಯ ಹೆಜ್ಜೆಗಳು

2012ರಲ್ಲಿ ಡಿಜಿಸಿಎಯಿಂದ ಪ್ರತ್ಯೇಕವಾಗಿ ವಿಮಾನ ಅಪಘಾತ ತನಿಖಾ ಮಂಡಳಿಯನ್ನು (ಎಎಐಬಿ) ಸ್ಥಾಪಿಸಲಾಯಿತು. 2014ರ ಜನವರಿಯಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಭಾರತದ ಸುರಕ್ಷತಾ ಶ್ರೇಣಿಯನ್ನು ಎರಡನೇ ದರ್ಜೆಗೆ ಇಳಿಸಿತು. ನಿಯಂತ್ರಕ ಸಂಸ್ಥೆಯಲ್ಲಿನ ತಾಂತ್ರಿಕ ಸಿಬ್ಬಂದಿಯ ಕೊರತೆ ಆಗ ಚರ್ಚೆಗೆ ಬಂತು. 2015ರ ಏಪ್ರಿಲ್‌ನಲ್ಲಿ ಮೊದಲ ದರ್ಜೆ ಮರಳಿ ದೊರೆಯಿತು. ಡಿಜಿಸಿಎ ಬದಲಿಗೆ ಹೆಚ್ಚು ಸ್ವಾಯತ್ತವಾದ ಪ್ರಾಧಿಕಾರವನ್ನು ರಚಿಸುವ 2013ರ ಮಸೂದೆ ಮಾತ್ರ ಅಂಗೀಕಾರವಾಗದೆ ಬಿದ್ದುಹೋಯಿತು.

2020ರ ತಿದ್ದುಪಡಿಯಿಂದ ಡಿಜಿಸಿಎ ಮತ್ತು ಎಎಐಬಿಗೆ ಶಾಸನಬದ್ಧ ಸ್ಥಾನ ದೊರೆಯಿತು. 1934ರ ವಿಮಾನ ಕಾಯ್ದೆಯ ಬದಲಿಗೆ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಂದು ಜಾರಿಗೆ ಬಂದಿತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಪಾಲಾದ್ದರಿಂದ ದೊಡ್ಡ ವಿಮಾನ ಸಂಸ್ಥೆಯ ಒಡೆತನದ ಭಾರವೂ ಸರ್ಕಾರದ ಹೆಗಲಿನಿಂದ ಇಳಿದಿದೆ.

ಆದರೂ ವಿಮಾನ ನಿಲ್ದಾಣಗಳ ಪ್ರಾಧಿಕಾರ, ಡಿಜಿಸಿಎ, ಎಎಐಬಿ ಮೂರೂ ಇಂದಿಗೂ ಒಂದೇ ಸಚಿವಾಲಯದ ವ್ಯಾಪ್ತಿಯಲ್ಲಿವೆ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾ ವಿಮಾನ ಪತನಗೊಂಡು ನೆಲದ ಮೇಲಿದ್ದವರೂ ಸೇರಿ 260 ಮಂದಿ ಮೃತಪಟ್ಟಾಗ ತನಿಖೆಯ ಹೊಣೆ ಎಎಐಬಿಯದೇ ಆಯಿತು. ಅಮೆರಿಕದಲ್ಲಿ 1967ರಲ್ಲಿ ಆರಂಭವಾದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯನ್ನು 1975ರಲ್ಲಿ ಸಾರಿಗೆ ಇಲಾಖೆಯಿಂದ ಪೂರ್ಣವಾಗಿ ಬೇರ್ಪಡಿಸಲಾಯಿತು. ಅದು ವಿಮಾನ, ರೈಲು, ಹಡಗು, ಹೆದ್ದಾರಿ ಎಲ್ಲ ಬಗೆಯ ಅಪಘಾತಗಳನ್ನೂ ತನಿಖೆ ಮಾಡುತ್ತದೆ. ಭಾರತದಲ್ಲಿ ಅಂತಹ ಸಂಸ್ಥೆ ಇನ್ನೂ ರಚನೆಯಾಗಿಲ್ಲ.

ರೈಲು ಪ್ರಯಾಣಿಕನ ಸುರಕ್ಷತೆಯನ್ನು ರೈಲ್ವೆಯ ಹೊರಗಿನವರು ನೋಡಿಕೊಳ್ಳಬೇಕೆಂದು ವಿಮಾನಯಾನದ ಇಲಾಖೆಯನ್ನು ಕಾವಲಿಗೆ ನಿಲ್ಲಿಸಿ ಎಂಟು ದಶಕಗಳು ಕಳೆದಿವೆ. ವಿಮಾನ ಪ್ರಯಾಣಿಕನ ಪಾಲಿಗೆ ಮಾತ್ರ ಅಂತಹ ಹೊರಗಿನ ಕಾವಲುಗಾರ ಇನ್ನೂ ನೇಮಕವಾಗಬೇಕಿದೆ.