ಸಂಪು ಮತ್ತು ತಾರಸಿ ಟ್ಯಾಂಕಿನ ಮನೆಗಳಲ್ಲಿ ನೀರಿನ ಸೋರಿಕೆ: ಸ್ವಯಂಚಾಲಿತ ಪತ್ತೆ ಮತ್ತು ತಡೆ

ಮನೆಯ ನೀರಿನ ಸೋರಿಕೆಯನ್ನು ತಾವಾಗಿಯೇ ಗುರುತಿಸಿ ನೀರನ್ನು ನಿಲ್ಲಿಸುವ ಸಾಧನಗಳು ಹೆಚ್ಚಾಗಿ ರೂಪುಗೊಂಡದ್ದು ಅಮೆರಿಕ ಮತ್ತು ಯುರೋಪಿನ ಮನೆಗಳಿಗಾಗಿ. ಅಲ್ಲಿ ಬೀದಿಯ ಕೊಳವೆಯಲ್ಲಿ ಹಗಲಿರುಳೂ ಒತ್ತಡವಿರುತ್ತದೆ; ನೀರು ಒಂದೇ ಕಡೆಯಿಂದ ಮನೆಯನ್ನು ಹೊಕ್ಕು ನೇರವಾಗಿ ನಲ್ಲಿಗಳನ್ನು ತಲುಪುತ್ತದೆ. ಬೆಂಗಳೂರಿನ ಮನೆಗಳ ಕಥೆ ಬೇರೆ. ಜಲಮಂಡಳಿಯ ನೀರು ಗೊತ್ತಾದ ಹೊತ್ತಿನಲ್ಲಿ ಮಾತ್ರ ಬರುತ್ತದೆ, ಮೀಟರು ದಾಟಿ ನೆಲದಡಿಯ ಸಂಪಿಗೆ ಬೀಳುತ್ತದೆ, ಮೋಟರಿನಿಂದ ತಾರಸಿಯ ಟ್ಯಾಂಕಿಗೆ ಏರುತ್ತದೆ, ಅಲ್ಲಿಂದ ತನ್ನ ಭಾರದಿಂದಲೇ ನಲ್ಲಿಗಳಿಗೆ ಇಳಿಯುತ್ತದೆ. ಈ ವ್ಯವಸ್ಥೆಗೆ ಯಾವ ಬಗೆಯ ಪತ್ತೆ ವಿಧಾನ ಹೊಂದುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ. ಟ್ಯಾಂಕಿನ ಮಟ್ಟವನ್ನು ರಾತ್ರಿ ಅಳೆಯುವುದು ಮತ್ತು ಇಳಿಕೊಳವೆಯ ವಾಲ್ವನ್ನು ಕೆಲಹೊತ್ತು ಮುಚ್ಚಿ ಒತ್ತಡವನ್ನು ಗಮನಿಸುವುದು, ಇವೆರಡೂ ಕೂಡಿದರೆ ದುಬಾರಿ ಮೀಟರುಗಳಿಲ್ಲದೆಯೂ ಬಹುಪಾಲು ಸೋರಿಕೆಗಳನ್ನು ಹಿಡಿಯಬಹುದು ಎಂಬುದು ಇಲ್ಲಿನ ವಾದ.

ನಷ್ಟದ ಪ್ರಮಾಣ

ಒಂದು ಹನಿಯ ಗಾತ್ರ ಕಾಲು ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೆ ಒಂದು ಹನಿ ತೊಟ್ಟಿಕ್ಕುವ ನಲ್ಲಿಯಿಂದ ದಿನಕ್ಕೆ 21.6 ಲೀಟರ್, ವರ್ಷಕ್ಕೆ ಸುಮಾರು 7,900 ಲೀಟರ್ ನೀರು ಹೋಗುತ್ತದೆ. ಕಣ್ಣಿಗೆ ಕಾಣದ ಸೋರಿಕೆ ಇದಕ್ಕಿಂತ ಬಹಳ ದೊಡ್ಡದಾಗಿರಬಹುದು. ಟ್ಯಾಂಕಿನ ನೀರಿನ ಮಟ್ಟಕ್ಕಿಂತ 10 ಮೀಟರ್ ಕೆಳಗೆ, ಗೋಡೆಯೊಳಗಿನ ಪೈಪಿನಲ್ಲಿ 1 ಮಿ.ಮೀ. ವ್ಯಾಸದ ರಂಧ್ರವಿದೆ ಎಂದುಕೊಳ್ಳೋಣ. ಆ ಎತ್ತರಕ್ಕೆ ನೀರಿನ ವೇಗ ಸೆಕೆಂಡಿಗೆ 14 ಮೀಟರ್. ರಂಧ್ರದ ಅಂಚಿನಲ್ಲಿ ಧಾರೆ ಕುಗ್ಗುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಗಂಟೆಗೆ ಸುಮಾರು 24 ಲೀಟರ್, ದಿನಕ್ಕೆ 570 ಲೀಟರ್ ಸೋರುತ್ತದೆ. ನಗರವಾಸಿಯೊಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ರಾಷ್ಟ್ರೀಯ ಮಾನದಂಡದಂತೆ ಇದು ನಾಲ್ವರ ಸಂಸಾರಕ್ಕೆ ಸಾಲುವ ನೀರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನ ಪ್ರಕಾರ ಅಲ್ಲಿನ ಸರಾಸರಿ ಮನೆಯೊಂದರ ಸೋರಿಕೆ ವರ್ಷಕ್ಕೆ 10,000 ಗ್ಯಾಲನ್‌ಗೆ, ಎಂದರೆ 38,000 ಲೀಟರಿಗೆ ಹತ್ತಿರವಿದೆ. ಪ್ರತಿ ಹತ್ತು ಮನೆಗಳಲ್ಲಿ ಒಂದು ದಿನಕ್ಕೆ 340 ಲೀಟರಿಗೂ ಹೆಚ್ಚು ನೀರನ್ನು ಸೋರಿಕೆಯಲ್ಲೇ ಕಳೆಯುತ್ತದೆ.

ಬೆಂಗಳೂರಿನಲ್ಲಿ ಸೋರುವ ನೀರಿನೊಂದಿಗೆ ವಿದ್ಯುತ್ತೂ ಸೋರುತ್ತದೆ. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳನ್ನು ಹಾದು ಸುಮಾರು 100 ಕಿ.ಮೀ. ದೂರ, 500 ಮೀಟರಿನಷ್ಟು ಎತ್ತರವನ್ನು ಮೂರು ಹಂತಗಳಲ್ಲಿ ಏರಿ ಬರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು, ಪಂಪಿನ ನಷ್ಟವನ್ನು ಬಿಟ್ಟರೂ 1.36 ಯೂನಿಟ್ ವಿದ್ಯುತ್ ಬೇಕು. ಮನೆಯವರ ಕಿಸೆಗೂ ಇದು ತಟ್ಟುತ್ತದೆ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಿಲ್ಲಾಡಳಿತವು 5 ಕಿ.ಮೀ. ಒಳಗಿನ 6,000 ಲೀಟರ್ ಟ್ಯಾಂಕರಿಗೆ 600 ರೂಪಾಯಿ ದರ ನಿಗದಿ ಮಾಡಿತು. ಆ ದರದಲ್ಲಿ ಮೇಲೆ ಹೇಳಿದ 1 ಮಿ.ಮೀ. ರಂಧ್ರದ ವರ್ಷದ ನಷ್ಟ ಸುಮಾರು 35 ಟ್ಯಾಂಕರ್, ಹತ್ತಿರ ಹತ್ತಿರ 21,000 ರೂಪಾಯಿ.

ಸೋರಿಕೆಯ ತಾಣಗಳು

ಸಂಪು–ಟ್ಯಾಂಕಿನ ಮನೆಯಲ್ಲಿ ನೀರು ನಾಲ್ಕು ಕಡೆ ಕಳೆದುಹೋಗುತ್ತದೆ. ಮೊದಲನೆಯದು ಸಂಪು. ಅದರ ಗೋಡೆಯ ಬಿರುಕು ನೆಲದಡಿ ಇರುವುದರಿಂದ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದು. ಎರಡನೆಯದು ಟ್ಯಾಂಕ್ ತುಂಬಿ ಹರಿಯುವುದು. ನಿಮಿಷಕ್ಕೆ 40 ಲೀಟರ್ ಎತ್ತುವ ಮೋಟರನ್ನು ಇಪ್ಪತ್ತು ನಿಮಿಷ ಮರೆತರೆ 800 ಲೀಟರ್ ತಾರಸಿಯಿಂದ ಚರಂಡಿಗೆ ಸೇರುತ್ತದೆ. ಮೂರನೆಯದು ಗೋಡೆಯೊಳಗೆ ಹುದುಗಿರುವ ಪೈಪುಗಳ ಬೆಸುಗೆ ಮತ್ತು ತಿರುಪಿನ ಜಾಗಗಳು. ಬಣ್ಣ ಉಬ್ಬಿ ತೇವ ಕಾಣಿಸಿಕೊಳ್ಳುವ ಹೊತ್ತಿಗೆ ಸೋರಿಕೆ ಹಳೆಯದಾಗಿರುತ್ತದೆ. ನಾಲ್ಕನೆಯದು ಫ್ಲಶ್ ಟ್ಯಾಂಕ್ ಮತ್ತು ನಲ್ಲಿಗಳು. ಫ್ಲಶ್ ಟ್ಯಾಂಕಿನ ತಳದ ರಬ್ಬರ್ ಸವೆದಾಗ ನೀರು ಸದ್ದಿಲ್ಲದೆ ಕಮೋಡಿಗೆ ಇಳಿಯುತ್ತಿರುತ್ತದೆ.

ಇವುಗಳಲ್ಲಿ ಎರಡನೆಯದಕ್ಕೆ ಮಾತ್ರ ಮಾರುಕಟ್ಟೆಯಲ್ಲಿ ಬಹುಕಾಲದಿಂದ ಪರಿಹಾರವಿದೆ. ತೇಲುಬುಂಡೆಯ ಸ್ವಿಚ್ಚಿನಿಂದ ಮೋಟರನ್ನು ನಿಲ್ಲಿಸುವ, ಸಂಪು ಬರಿದಾದಾಗ ಮೋಟರ್ ಒಣಗಿ ಓಡದಂತೆ ತಡೆಯುವ ಮಟ್ಟ ನಿಯಂತ್ರಕಗಳು ಅನೇಕ ಮನೆಗಳಲ್ಲಿವೆ. ಆದರೆ ಅವು ಗುರುತಿಸುವುದು ಟ್ಯಾಂಕ್ ತುಂಬಿತೇ, ಬರಿದಾಯಿತೇ ಎಂಬ ಎರಡು ಸ್ಥಿತಿಗಳನ್ನು ಮಾತ್ರ. ನಡುವಿನ ಇಳಿಕೆಯನ್ನು ಅಳೆಯುವುದಿಲ್ಲ.

ಲಭ್ಯವಿರುವ ಸೆನ್ಸರುಗಳು

ಅತ್ಯಂತ ಸರಳವಾದದ್ದು ನೆಲದ ಮೇಲಿಡುವ ತೇವದ ಸೆನ್ಸರ್. ಅದರ ಎರಡು ಲೋಹದ ತುದಿಗಳ ನಡುವೆ ನೀರು ಬಂದರೆ ವಿದ್ಯುತ್ ಹರಿದು ಎಚ್ಚರಿಕೆ ಹೊರಡುತ್ತದೆ. ವಾಷಿಂಗ್ ಮಷಿನ್, ಸಿಂಕಿನ ಕೆಳಭಾಗ, ಗೀಸರಿನ ತಳಕ್ಕೆ ಇದು ಸೂಕ್ತ. ಗೋಡೆಯೊಳಗಿನ ಅಥವಾ ನೇರವಾಗಿ ಚರಂಡಿಗೆ ಹೋಗುವ ಸೋರಿಕೆ ಇದಕ್ಕೆ ಗೋಚರಿಸದು.

ಹರಿವಿನ ಸೆನ್ಸರುಗಳಲ್ಲಿ ಅಗ್ಗವಾದದ್ದು ಪುಟ್ಟ ಚಕ್ರ ಮತ್ತು ಅಯಸ್ಕಾಂತ ಇರುವ ಬಗೆ. ಹವ್ಯಾಸಿಗಳು ಹೆಚ್ಚು ಬಳಸುವ ವೈಎಫ್-ಎಸ್201 ಮಾದರಿ ಲೀಟರಿಗೆ ಸುಮಾರು 450 ಸ್ಪಂದನ ಕೊಡುತ್ತದೆ; ಅದರ ಅಳತೆಯ ವ್ಯಾಪ್ತಿ ನಿಮಿಷಕ್ಕೆ 1ರಿಂದ 30 ಲೀಟರ್. 1 ಮಿ.ಮೀ. ರಂಧ್ರದ ಸೋರಿಕೆ ನಿಮಿಷಕ್ಕೆ 0.4 ಲೀಟರ್ ಮಾತ್ರ. ಅಂದರೆ ದಿನಕ್ಕೆ 570 ಲೀಟರ್ ಕಳೆಯುವ ಸೋರಿಕೆ ಈ ಸೆನ್ಸರಿನ ಕೆಳಮಿತಿಯನ್ನೂ ಮುಟ್ಟುವುದಿಲ್ಲ. ಶ್ರವಣಾತೀತ ಮೀಟರುಗಳು ಗಂಟೆಗೆ ಕೆಲವೇ ಲೀಟರ್ ಹರಿವನ್ನೂ ಗುರುತಿಸಬಲ್ಲವು. ಆದರೆ ಬಹುಮಹಡಿ ಕಟ್ಟಡಗಳಲ್ಲಿ ಪ್ರತಿ ಸ್ನಾನಗೃಹಕ್ಕೂ ಅಡುಗೆಮನೆಗೂ ಬೇರೆ ಬೇರೆ ಇಳಿಕೊಳವೆಗಳಿರುವುದು ಸಾಮಾನ್ಯ. ಒಂದೇ ಮನೆಗೆ ಮೂರು ನಾಲ್ಕು ಮೀಟರುಗಳು ಬೇಕಾಗುತ್ತವೆ.

ಮೂರನೆಯ ಬಗೆ ಒತ್ತಡದ ಸೆನ್ಸರ್. ನಲ್ಲಿಯನ್ನು ತೆರೆದಾಗ, ಮುಚ್ಚಿದಾಗ ಕೊಳವೆಯಲ್ಲಿ ಒತ್ತಡದ ಅಲೆ ಹೊರಡುತ್ತದೆ. ಪ್ರತಿ ನಲ್ಲಿಯ ಅಲೆಗೂ ತನ್ನದೇ ರೂಪವಿರುತ್ತದೆ. ಇದನ್ನು ಬಳಸಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ‘ಹೈಡ್ರೋಸೆನ್ಸ್’ ಎಂಬ ವ್ಯವಸ್ಥೆಯು ಮನೆಯ ಒಂದೇ ಜಾಗದಲ್ಲಿ ಕೂರಿಸಿದ ಸೆನ್ಸರಿನಿಂದ ಯಾವ ನಲ್ಲಿ ಬಳಕೆಯಲ್ಲಿದೆ ಎಂಬುದನ್ನು ಗುರುತಿಸಿತು. ಹತ್ತು ಮನೆಗಳ ಪ್ರಯೋಗದಲ್ಲಿ ಅದರ ನಿಖರತೆ ಶೇ. 97.9. ಅಮೆರಿಕದ ಮನೆಗಳ ಕೊಳವೆಯಲ್ಲಿ ಸಾಮಾನ್ಯವಾಗಿ 3ರಿಂದ 5 ಬಾರ್ ಒತ್ತಡವಿರುತ್ತದೆ. ತಾರಸಿ ಟ್ಯಾಂಕಿನ ನೀರಿಗೆ 10 ಮೀಟರ್ ಕೆಳಗೂ 1 ಬಾರ್ ಮಾತ್ರ, ಮೇಲ್ಮಹಡಿಯಲ್ಲಿ 0.2ರಿಂದ 0.3 ಬಾರ್. ಮೇಲಾಗಿ ಟ್ಯಾಂಕ್ ಗಾಳಿಗೆ ತೆರೆದಿರುತ್ತದೆ. ಇಂಥ ಕಡೆ ಅಲೆಗಳ ರೂಪವನ್ನು ನೆಚ್ಚಿದ ವಿಧಾನವನ್ನು ಹಾಗೆಯೇ ಎತ್ತಿ ತರಲಾಗದು.

ಟ್ಯಾಂಕನ್ನೇ ಮೀಟರಾಗಿ ಬಳಸುವುದು

ತಾರಸಿಯ ಟ್ಯಾಂಕಿಗೆ ಒಂದು ಅನುಕೂಲವಿದೆ: ಮನೆಯ ಎಲ್ಲ ಇಳಿಕೊಳವೆಗಳ ನೀರೂ ಅದರಿಂದಲೇ ಹೋಗಬೇಕು. ಸುಮಾರು 1.1 ಮೀಟರ್ ವ್ಯಾಸದ ಸಾವಿರ ಲೀಟರ್ ಟ್ಯಾಂಕಿನಲ್ಲಿ ಮಟ್ಟ 1 ಮಿ.ಮೀ. ಇಳಿದರೆ 0.95 ಲೀಟರ್ ಹೋದಂತೆ. 1 ಮಿ.ಮೀ. ರಂಧ್ರದ ಸೋರಿಕೆಯಿಂದ ಮಟ್ಟ ಗಂಟೆಗೆ 25 ಮಿ.ಮೀ. ಇಳಿಯುತ್ತದೆ, ಅಗ್ಗದ ಶ್ರವಣಾತೀತ ಸೆನ್ಸರಿಗೂ ಇದು ಒಂದು ಗಂಟೆಯೊಳಗೆ ಸ್ಪಷ್ಟವಾಗಿ ಸಿಗುತ್ತದೆ. ಮನೆಯವರು ಮಲಗಿರುವ ಒಂದರಿಂದ ಐದು ಗಂಟೆಯ ನಡುವೆ ಬಳಕೆ ಬಹುತೇಕ ಶೂನ್ಯ. ಆ ಹೊತ್ತಿನಲ್ಲಿ ಮಟ್ಟ ಒಂದೇ ಸಮನೆ ಜಾರುತ್ತಿದ್ದರೆ ಅದು ಸೋರಿಕೆ. ಮೆಟ್ಟಿಲಿನಂತೆ ಇಳಿದು ನಿಂತರೆ ಯಾರೋ ನೀರು ಬಳಸಿದ್ದಾರೆ ಎಂದರ್ಥ. ನಗರಗಳ ವಿತರಣಾ ಜಾಲದಲ್ಲಿ ನೀರು ಸರಬರಾಜು ಎಂಜಿನಿಯರುಗಳು ಅನುಸರಿಸುವ ಕನಿಷ್ಠ ರಾತ್ರಿ ಹರಿವಿನ ವಿಧಾನವನ್ನೇ ಇದು ಒಂದು ಮನೆಯ ಅಳತೆಗೆ ಇಳಿಸುತ್ತದೆ.

ಈ ವಿಧಾನದ ಮಿತಿ ಸಣ್ಣ ಸೋರಿಕೆಯಲ್ಲಿದೆ. ಹನಿಯುವ ನಲ್ಲಿಯೊಂದರಿಂದ ನಾಲ್ಕು ಗಂಟೆಯಲ್ಲಿ ಟ್ಯಾಂಕಿನ ಮಟ್ಟ ಇಳಿಯುವುದು 4 ಮಿ.ಮೀ.ಗಿಂತ ಕಡಿಮೆ. ಶ್ರವಣಾತೀತ ಸೆನ್ಸರ್ ಗಾಳಿಯಲ್ಲಿ ಶಬ್ದದ ಪಯಣದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಶಬ್ದದ ವೇಗ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ 0.6 ಮೀಟರಿನಷ್ಟು ಬದಲಾಗುತ್ತದೆ. ಸೆನ್ಸರಿನಿಂದ ನೀರು ಅರ್ಧ ಮೀಟರ್ ದೂರದಲ್ಲಿದ್ದು, ಟ್ಯಾಂಕಿನೊಳಗಿನ ಗಾಳಿ ರಾತ್ರಿ 5 ಡಿಗ್ರಿ ತಣಿದರೆ ಲೆಕ್ಕದಲ್ಲಿ 4 ಮಿ.ಮೀ.ಗೂ ಹೆಚ್ಚು ತಪ್ಪು ಬರುತ್ತದೆ. ತಣಿದ ಗಾಳಿಯಲ್ಲಿ ಶಬ್ದ ನಿಧಾನವಾಗುವುದರಿಂದ ಈ ತಪ್ಪು ಮಟ್ಟ ಇಳಿದಂತೆಯೇ ತೋರುತ್ತದೆ. ಸೋರದ ಟ್ಯಾಂಕೂ ಪ್ರತಿ ರಾತ್ರಿ ಸೋರಿದಂತೆ ಕಾಣುವುದು ಇದರಿಂದಲೇ. ಆದ್ದರಿಂದ ಉಷ್ಣತೆಯ ಸೆನ್ಸರನ್ನು ಜೊತೆಗಿಟ್ಟು ಲೆಕ್ಕವನ್ನು ತಿದ್ದುವುದು, ಇಲ್ಲವೇ ತಳದಲ್ಲಿ ಒತ್ತಡ ಅಳೆಯುವ ಸೆನ್ಸರನ್ನು ಬಳಸುವುದು ಅನಿವಾರ್ಯ.

ಸಂಪಿಗೂ ಇದೇ ತತ್ತ್ವ ಅನ್ವಯಿಸುತ್ತದೆ, ಸೂಕ್ಷ್ಮತೆ ಮಾತ್ರ ಕಡಿಮೆ. 2 ಮೀಟರ್ ಉದ್ದಗಲದ ಸಂಪಿನಲ್ಲಿ 1 ಮಿ.ಮೀ. ಎಂದರೆ 4 ಲೀಟರ್. ಬೀದಿಯ ನೀರೂ ಮೋಟರೂ ನಿಂತಿರುವಾಗ ಮಟ್ಟ ಇಳಿದರೆ ಬಿರುಕಿದೆ ಎಂದು ತಿಳಿಯಬೇಕು. ಅದೇ ಹೊತ್ತಿನಲ್ಲಿ ಮಟ್ಟ ಏರಿದರೆ ಹೊರಗಿನ ನೀರು ಒಳಗೆ ಜಿನುಗುತ್ತಿದೆ ಎಂದರ್ಥ. ಮಳೆಗಾಲದಲ್ಲಿ, ಹತ್ತಿರ ಒಳಚರಂಡಿ ಇದ್ದ ಕಡೆ, ಇದು ಆರೋಗ್ಯದ ಪ್ರಶ್ನೆಯಾಗುತ್ತದೆ. ಈ ಏರಿಕೆಗೂ ಎಚ್ಚರಿಕೆ ಹೊರಡುವಂತೆ ಮಾಡಬೇಕು.

ವಾಲ್ವ್ ಮುಚ್ಚಿ ಪರೀಕ್ಷೆ

ಹನಿಯಷ್ಟು ಸಣ್ಣ ಸೋರಿಕೆಗೆ ಇನ್ನೊಂದು ದಾರಿ ಇದೆ. ಟ್ಯಾಂಕಿನಿಂದ ಇಳಿಯುವ ಕೊಳವೆಗೆ ವಾಲ್ವಿನ ನಂತರ ಗಾಳಿ ಹೋಗಲು ಮೇಲಕ್ಕೆದ್ದ ತೆರೆದ ಪೈಪನ್ನು ಪ್ಲಂಬರುಗಳು ಕೂರಿಸಿರುತ್ತಾರೆ. ವಾಲ್ವ್ ಮುಚ್ಚಿದಾಗ ಕೆಳಗಿನ ಸೋರಿಕೆಗೆ ನೀರು ಮೊದಲು ಸಿಗುವುದು ಈ ಗಾಳಿ ಕೊಳವೆಯಿಂದ. ಅದರ ಒಳವ್ಯಾಸ 25 ಮಿ.ಮೀ. ಇದ್ದರೆ ಗಂಟೆಗೆ 0.9 ಲೀಟರಿನ ಹನಿಯೂ ಅಲ್ಲಿನ ನೀರಿನ ಕಂಬವನ್ನು ಆ ಹೊತ್ತಿನಲ್ಲಿ 1.8 ಮೀಟರ್ ಇಳಿಸುವಷ್ಟು ವೇಗದಲ್ಲಿ ಎಳೆಯುತ್ತದೆ. ಟ್ಯಾಂಕಿನಲ್ಲಿ 1 ಮಿ.ಮೀ. ಆಗಿದ್ದ ಸೂಚನೆ ಇಲ್ಲಿ ಸಾವಿರದ ಎಂಟುನೂರು ಮಿ.ಮೀ.ಗೆ ಹಿಗ್ಗುತ್ತದೆ. ಕೊಳವೆಗೆ ಜೋಡಿಸಿದ ಸಾಮಾನ್ಯ ಒತ್ತಡದ ಸೆನ್ಸರ್ ಹತ್ತೇ ನಿಮಿಷದಲ್ಲಿ ಇದನ್ನು ಗುರುತಿಸುತ್ತದೆ.

ಎರಡೂ ಅಳತೆಗಳನ್ನು ಜೋಡಿಸಿದರೆ ಸೋರಿಕೆಯ ಜಾಗವೂ ಅರ್ಧ ತಿಳಿದಂತೆ. ವಾಲ್ವ್ ಮುಚ್ಚಿದಾಗ ಕೊಳವೆಯ ಒತ್ತಡ ಕುಸಿದು ಟ್ಯಾಂಕಿನ ಮಟ್ಟ ನಿಂತರೆ ದೋಷ ಆ ಇಳಿಕೊಳವೆಯಲ್ಲಿದೆ. ಒತ್ತಡ ನಿಂತು ಟ್ಯಾಂಕಿನ ಮಟ್ಟ ಮಾತ್ರ ಇಳಿದರೆ ಟ್ಯಾಂಕಿನಲ್ಲೇ ದೋಷವಿದೆ, ಇಲ್ಲವೇ ತುದಿ ನೀರಿನಲ್ಲಿ ಮುಳುಗಿರುವ ಏರುಕೊಳವೆಯ ಮೂಲಕ ನೀರು ಸಂಪಿಗೆ ಮರಳುತ್ತಿದೆ. ಎರಡನೆಯದಾದರೆ ಫುಟ್ ವಾಲ್ವನ್ನು ನೋಡಬೇಕು. ಹಲವು ಇಳಿಕೊಳವೆಗಳಿದ್ದರೆ ಒಂದೊಂದನ್ನೇ ಮುಚ್ಚಿ ಪರೀಕ್ಷಿಸಬೇಕು.

ತಡೆಯ ಯಂತ್ರಾಂಗ

ಇಲ್ಲಿ ವಾಲ್ವಿನ ಆಯ್ಕೆ ನಿರ್ಣಾಯಕ. ಮಾರುಕಟ್ಟೆಯ ಅನೇಕ ಸೊಲೆನಾಯ್ಡ್ ವಾಲ್ವುಗಳು ತೆರೆದುಕೊಳ್ಳಲು ನೀರಿನ ಒತ್ತಡವನ್ನೇ ಅವಲಂಬಿಸುತ್ತವೆ. ಟ್ಯಾಂಕಿನ ಬಳಿಯ ಅಲ್ಪ ಒತ್ತಡದಲ್ಲಿ ಅವು ಪೂರ್ತಿ ತೆರೆಯದೆ ಹೋಗಬಹುದು. ಅವು ಥಟ್ಟನೆ ಮುಚ್ಚಿಕೊಳ್ಳುವುದೂ ಅಪಾಯಕರ. ಪ್ಲಾಸ್ಟಿಕ್ ಕೊಳವೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ 400 ಮೀಟರ್ ಸಾಗುತ್ತದೆ ಎಂದು ಹಿಡಿದರೆ, ಸೆಕೆಂಡಿಗೆ 1 ಮೀಟರ್ ವೇಗದ ನೀರನ್ನು ಒಮ್ಮೆಲೇ ತಡೆದಾಗ 4 ಬಾರ್ ಆಘಾತ ಉಂಟಾಗುತ್ತದೆ. 10 ಮೀಟರ್ ಎತ್ತರದ ಮನೆಯ ಸಹಜ ಒತ್ತಡಕ್ಕೆ ಇದು ನಾಲ್ಕು ಪಟ್ಟು. ಸೋರಿಕೆಯನ್ನು ತಡೆಯಲು ಹೋಗಿ ಬೆಸುಗೆಗಳನ್ನು ಸಡಿಲಿಸಿದಂತಾಗುತ್ತದೆ. ಐದರಿಂದ ಹತ್ತು ಸೆಕೆಂಡಿನಲ್ಲಿ ನಿಧಾನವಾಗಿ ತಿರುಗುವ ಮೋಟರ್ ಚಾಲಿತ ಬಾಲ್ ವಾಲ್ವಿಗೆ ಈ ಎರಡು ತೊಡಕುಗಳೂ ಇಲ್ಲ. ಕರೆಂಟ್ ಹೋದರೂ ಕೈಯಿಂದ ತಿರುಗಿಸಲು ಬರುವ ಹಿಡಿ ಅದಕ್ಕಿರಬೇಕು. ಬೆಂಕಿ ನಂದಿಸುವ ಕೊಳವೆಗೆ ಇಂಥ ವಾಲ್ವನ್ನು ಎಂದೂ ಹಾಕಬಾರದು.

ಸಂಪರ್ಕ ಮತ್ತು ನಿರ್ಧಾರ

ನೆಲದಡಿಯ ಸಂಪು ಮತ್ತು ತಾರಸಿಯ ಟ್ಯಾಂಕಿನ ನಡುವೆ ಹಲವು ಕಾಂಕ್ರೀಟ್ ತಾರಸಿಗಳಿರುವುದರಿಂದ ವೈಫೈ ಸಂಕೇತ ಎರಡೂ ಕಡೆ ಸರಿಯಾಗಿ ಸಿಗುವುದು ಅಪರೂಪ. ಭಾರತದಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ 865–867 ಮೆಗಾಹರ್ಟ್ಸ್ ಆವರ್ತನದ ಲೋರಾ ರೇಡಿಯೊ ಅಂಥ ಕಡೆ ಹೆಚ್ಚು ನೆಚ್ಚಿಕೆಯದು. ನಿರ್ಧಾರ ಕೈಗೊಳ್ಳುವ ತಂತ್ರಾಂಶ ಮನೆಯೊಳಗೇ ಇರಬೇಕು. 2013ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ ‘ಹೋಮ್ ಅಸಿಸ್ಟೆಂಟ್’ ಇಂಟರ್ನೆಟ್ ಇಲ್ಲದಾಗಲೂ ಮನೆಯ ಪುಟ್ಟ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ನೀರಿನ ಬಳಕೆಯ ದಾಖಲೆಯಿಂದ ಮನೆಯಲ್ಲಿ ಯಾರಿದ್ದಾರೆ, ಯಾವಾಗ ಇರುವುದಿಲ್ಲ ಎಂಬುದು ತಿಳಿಯುತ್ತದೆ. ಆ ದಾಖಲೆ ಹೊರಗೆ ಹೋಗದಿರುವುದು ಕ್ಷೇಮ.

ಸುಳ್ಳು ಎಚ್ಚರಿಕೆಗಳು ಹೆಚ್ಚಾದರೆ ಮನೆಯವರು ಎಚ್ಚರಿಕೆಯನ್ನೇ ಆರಿಸಿಬಿಡುತ್ತಾರೆ. ರಾತ್ರಿ ಓಡುವ ವಾಷಿಂಗ್ ಮಷಿನ್, ತೊಟ್ಟಿ ತುಂಬಿಸಿಕೊಳ್ಳುವ ನೀರು ಶುದ್ಧೀಕರಣ ಯಂತ್ರ, ಬಂದ ನೆಂಟರು ಇವೆಲ್ಲ ಸೋರಿಕೆಯ ಭ್ರಮೆ ಹುಟ್ಟಿಸುತ್ತವೆ. ಆದ್ದರಿಂದ ಪ್ರತಿಕ್ರಿಯೆ ಎರಡು ಹಂತಗಳಲ್ಲಿರಬೇಕು. ಸಣ್ಣ ಇಳಿಕೆ ಸತತ ಮೂರು ರಾತ್ರಿ ಕಂಡರೆ ಸಂದೇಶ ಮಾತ್ರ. ಗಂಟೆಗೆ ಹತ್ತಾರು ಲೀಟರಿನಂತೆ ಬಿಡುವಿಲ್ಲದೆ ಇಳಿಯುತ್ತಿದ್ದರೆ, ಅಥವಾ ಮನೆಗೆ ಬೀಗ ಹಾಕಿರುವಾಗ ಯಾವುದೇ ಹರಿವು ಕಂಡರೆ, ವಾಲ್ವ್ ಮುಚ್ಚುವುದು.

ಸಮಾರೋಪ

ಸಂಪು–ಟ್ಯಾಂಕಿನ ಮನೆಗೆ ವಿದೇಶಿ ಮಾದರಿಯ ಏಕಸ್ಥಾನ ಸಾಧನಗಳಿಗಿಂತ ಮಟ್ಟ, ಉಷ್ಣತೆ ಮತ್ತು ಒತ್ತಡದ ಸೆನ್ಸರುಗಳು ಹಾಗೂ ಪ್ರತಿ ಇಳಿಕೊಳವೆಗೆ ನಿಧಾನಗತಿಯ ಬಾಲ್ ವಾಲ್ವ್ ಹೆಚ್ಚು ಹೊಂದುತ್ತವೆ ಎಂಬುದು ಮೇಲಿನ ಲೆಕ್ಕಗಳಿಂದ ಸ್ಪಷ್ಟವಾಗುತ್ತದೆ. ಹಳೆಯ ಮನೆಯಲ್ಲಿ ಎಲ್ಲವನ್ನೂ ಒಮ್ಮೆಗೇ ಅಳವಡಿಸಬೇಕಿಲ್ಲ: ಮೊದಲು ಟ್ಯಾಂಕಿನ ಮಟ್ಟದ ಸೆನ್ಸರ್, ನಂತರ ಸಂಪಿನದು, ಕೊನೆಗೆ ವಾಲ್ವುಗಳು ಎಂಬ ಕ್ರಮ ಸಾಕು. ಹೊಸದಾಗಿ ಕಟ್ಟುವವರು ಇಳಿಕೊಳವೆಗಳನ್ನು ಒಂದೇ ಕಡೆಯಿಂದ ಹೊರಡಿಸಿ, ವಾಲ್ವ್ ಮತ್ತು ಸೆನ್ಸರಿಗೆ ಕೈಗೆಟಕುವ ಜಾಗವನ್ನೂ ವಿದ್ಯುತ್ ತಂತಿಯನ್ನೂ ನಕ್ಷೆಯಲ್ಲೇ ಗುರುತಿಸಬೇಕು. ಯಂತ್ರದ ಕೆಲಸ ಸೋರಿಕೆಯನ್ನು ತೋರಿಸಿ ನೀರನ್ನು ನಿಲ್ಲಿಸುವವರೆಗೆ ಮಾತ್ರ. ಸವೆದ ರಬ್ಬರನ್ನು ಬದಲಿಸುವ, ಬಿರುಕನ್ನು ಮುಚ್ಚುವ ಕೆಲಸಕ್ಕೆ ಪ್ಲಂಬರ್ ಬರಲೇಬೇಕು.